ಬರುವ ವರ್ಷದ ಬೀಡಿ

ಕಾಯುವ ವಿಷಯದಲ್ಲಿ ತೆಂಗಿನ ತೋಟದವರನ್ನು ಮೀರಿಸುವವರು ಈ ಲೋಕದಲ್ಲಿ ಯಾರೂ ಇಲ್ಲ ಎಂಬುದು ನನ್ನ ಬಹುಕಾಲದ ಜಂಬ. ರಾಗಿ ಬಿತ್ತಿದವನು ಒಂದು ಮಳೆಗಾಲ ಕಾದರೆ ಆಯಿತು. ಹಸು ಸಾಕಿದವನು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದರೆ ಆಯಿತು. ನಾವು ಸಸಿ ನೆಟ್ಟು, ಅದು ಹೊಂಬಾಳೆ ಬಿಡುವ ಹೊತ್ತಿಗೆ ತೊಟ್ಟಿಲಲ್ಲಿದ್ದ ಮಗು ಮಗ್ಗಿ ಒಪ್ಪಿಸುತ್ತಿರುತ್ತದೆ. ಅಷ್ಟು ಕಾದು ಪಡೆದ ಕಾಯನ್ನಾದರೂ ತಕ್ಷಣ ಮಾರುತ್ತೇವೆಯೇ? ಇಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಮತ್ತೊಂದು ವರ್ಷ ಕಾಯುತ್ತೇವೆ. ಅಟ್ಟದ ಕತ್ತಲಲ್ಲಿ ಕೂತ ಕಾಯಿ ತನ್ನ ಪಾಡಿಗೆ ತಾನು ತನ್ನ ನೀರನ್ನೇ ಕುಡಿದುಕೊಂಡು ಕೊಬ್ಬರಿಯಾಗುತ್ತದೆ. ಹೊಸದಾಗಿ ಏರಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದೆ. ನಡುವೆ ಒಂದಷ್ಟು ತಿಂಗಳು, ಮುನಿಸಿಕೊಂಡ ನೆಂಟರ ಹಾಗೆ, ಎಷ್ಟು ಅಲ್ಲಾಡಿಸಿದರೂ ಮಾತೇ ಆಡುವುದಿಲ್ಲ. ವರ್ಷ ತುಂಬುತ್ತ ಬಂದಾಗ ಒಳಗೆ ಒಣಗಿದ ಇಡೀ ತಿರುಳು, ಅದೇ ಗಿಟುಕು, ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅನ್ನುತ್ತದೆ. ಆ ಗಡಗಡ ಕಿವಿಗೆ ಬೀಳುವ ತನಕ, ಮನೆಯಲ್ಲಿ ಎಂಥ ತಾಪತ್ರಯ ಬರಲಿ, ನಾನು ಅಟ್ಟದ ಕಾಯಿ ಮುಟ್ಟಿದವನಲ್ಲ. ಗುಳುಗುಳು ಕಾಯಿ ಕೈಯಲ್ಲಿ ಹಿಡಿದೇ ಗಡಗಡ ಕೊಬ್ಬರಿಯನ್ನು ಕಾಣುವವನು ನಾನು. ಇಂಥ ನಾನು, ಊಟ ಮುಗಿದು ತೊಳೆದ ಕೈ ಒಣಗುವ ತನಕ ಒಂದು ಬೀಡಿಗೆ ಕಾಯಲಾರೆ ಎಂಬುದನ್ನು ಯೋಚಿಸಿದಾಗ ಮಾತ್ರ, ನನ್ನ ಜಂಬಕ್ಕೆ ಎಲ್ಲೋ ಒಂದು ತೂತು ಬಿದ್ದಿದೆ ಅನ್ನಿಸುತ್ತಿತ್ತು.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು, ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತು ಕಂಡವರ ಕಾಯಿ ಸುಲಿದು, ಕೊನೆಗೆ ನನ್ನದೇ ತೋಟ, ನನ್ನದೇ ಅಟ್ಟ ಮಾಡಿಕೊಂಡವನು ನಾನು. ಇದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಕೇಳದೇ ಇದ್ದವರಿಗೆ ಕೇಳುವ ಹಾಗೆ ಮಾಡುತ್ತೇನೆ. ಕಾಯಿ ಸುಲಿಯುವ ಆ ದಿನಗಳಲ್ಲಿ ನನ್ನ ಎದುರು ಹಾರೆಯಲ್ಲಿ ನಿಂತಿದ್ದವನು ರುದ್ರಣ್ಣ. ಬೀಡಿ ಕಲಿತದ್ದೂ ಇಬ್ಬರೂ ಒಟ್ಟಿಗೆ. ಅದಕ್ಕೆ ಒಂದು ನ್ಯಾಯವೂ ಇತ್ತು. ಸುಮ್ಮನೆ ಬೆನ್ನು ನೆಟ್ಟಗೆ ಮಾಡಿ ನಿಂತರೆ ತೋಟದ ಯಜಮಾನರು, "ಏನ್ರಲಾ, ಸುಸ್ತಾಯ್ತಾ?" ಅನ್ನುತ್ತಿದ್ದರು. ಬೀಡಿ ಹಚ್ಚಿಕೊಂಡು ನಿಂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬಡವನ ಬೆನ್ನಿಗೆ ಸಿಗುವ ರಜೆ ಬೀಡಿಯ ರೂಪದಲ್ಲೇ ಬರುತ್ತಿತ್ತು. ಆಮೇಲೆ ನಾನೇ ಯಜಮಾನನಾದೆ, ಯಾರನ್ನೂ ಕೇಳದೆ ಬೆನ್ನು ನೆಟ್ಟಗೆ ಮಾಡಬಹುದಾಯಿತು. ಬೀಡಿ ಮಾತ್ರ ಹಳೆಯ ಸಂಬಂಧ ಬಿಡಲಿಲ್ಲ.

ನಮ್ಮ ಮನೆದೇವರು ವೀರಭದ್ರ. ಮನೆಯಲ್ಲಿ ಮದುವೆ ಎಂದರೆ ಮುನ್ನಾ ದಿನ ಗುಗ್ಗಳ ನಡೆಯಲೇಬೇಕು. ಉರಿಯುವ ಗುಗ್ಗಳದ ಕೊಡ ಹೊತ್ತು, ವಾದ್ಯದ ಜೊತೆ, ದೇವರ ಗುಡಿಗೆ ಮೆರವಣಿಗೆ ಹೋಗುತ್ತದೆ. ದಾರಿಯಲ್ಲಿ ಅಲ್ಲಲ್ಲಿ ವಾದ್ಯ ನಿಲ್ಲಿಸಿ, ಒಬ್ಬನು ನಿಂಬೆಹಣ್ಣು ಚುಚ್ಚಿದ ಕತ್ತಿ ಎತ್ತಿ, ವೀರಭದ್ರನ ಪ್ರತಾಪವನ್ನು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾನೆ. ಅದೇ ಒಡಪು. ಅದು ಹಾಡಲ್ಲ, ಮಾತೂ ಅಲ್ಲ; ಗುಡುಗು. ಉಸಿರು ಎಲ್ಲಿ ಎಳೆದುಕೊಂಡ ಎಂಬುದು ಕೇಳುವವರಿಗೆ ಗೊತ್ತಾಗಬಾರದು. ನಮ್ಮ ತಂದೆಯವರ ಒಡಪಿಗೆ ಈ ಸುತ್ತಿನಲ್ಲಿ ಹೆಸರಿತ್ತು. ಅವರಿಂದ ನಾನು ಕಲಿತೆ. ನಾನು ಹಾರೆಯ ಮುಂದೆ ನಿಂತು ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ರುದ್ರಣ್ಣನೂ ಕಲಿತ. ಆದರೆ ಕತ್ತಿ ಹಿಡಿಯುತ್ತಿದ್ದವನು ನಾನೇ. ಗುಗ್ಗಳ ಯಾರ ಮನೆಯದ್ದಾದರೂ ಬಸಪ್ಪನನ್ನು ಕರೆಸಿ ಎನ್ನುತ್ತಿದ್ದರು. ಬಸಪ್ಪ ಅಂದರೆ ನಾನೇ ಎಂದು ಈಗ ಹೇಳಬೇಕಾಗಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು. ಬೇಲೂರಿನಲ್ಲಿ ನಮ್ಮ ತಂಗಿಯ ಮಗನ ಮದುವೆ. ಗುಗ್ಗಳದ ದಿನ ಎಂದಿನಂತೆ ಕತ್ತಿ ಎತ್ತಿದೆ, ಶುರು ಮಾಡಿದೆ. ದಕ್ಷನ ಯಜ್ಞಶಾಲೆಯ ಬಾಗಿಲಿಗೆ ವೀರಭದ್ರ ಬಂದು ನಿಂತಿದ್ದಾನೆ, ಇನ್ನೇನು ಒಳಕ್ಕೆ ನುಗ್ಗಬೇಕು, ಅಷ್ಟರಲ್ಲಿ ನನಗೆ ಕೆಮ್ಮು ಬಂತು. ಸಣ್ಣ ಕೆಮ್ಮಲ್ಲ. ಹಾರೆಯ ಮುಂದೆ ನಿಂತ ಕಾಲದಿಂದ ಸೇದಿದ ಬೀಡಿಗಳೆಲ್ಲ ಒಟ್ಟಿಗೆ ಎದ್ದು ಬಂದ ಕೆಮ್ಮು. ವಾದ್ಯದವನು ಬೇರೆ ಊರಿನವನು. ನನ್ನ ಕೆಮ್ಮನ್ನೇ ಒಡಪಿನ ಮುಕ್ತಾಯ ಎಂದು ತಿಳಿದು ಧಡಧಡ ಬಾರಿಸಿಬಿಟ್ಟ. ಜನ "ಆಹಾ ವೀರಾ!" ಎಂದು ಕೂಗಿಯೂಬಿಟ್ಟರು. ಮೆರವಣಿಗೆ ಮುಂದಕ್ಕೆ ಹೋಯಿತು. ನನ್ನ ವೀರಭದ್ರ ಮಾತ್ರ ಆ ಬಾಗಿಲಲ್ಲೇ ಉಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಒಬ್ಬ ಹಿರಿಯರು ನೀರು ಕೊಟ್ಟು, "ವಯಸ್ಸಾಯ್ತಲ್ಲ ಬಸಪ್ಪ, ಇನ್ ಹುಡುಗ್ರು ಹೇಳ್ಲಿ ಬಿಡು" ಅಂದರು. ನನ್ನ ಮಗಳು ಮಂಗಳ ಆಗ ಹಳೇಬೀಡಿನ ಸ್ಕೂಲಿನಲ್ಲಿ ಟೀಚರ್. ಅವಳಿಗೆ ಗಂಡು ನೋಡಲು ಶುರು ಮಾಡಿದ್ದೆವು. ಅವಳ ಗುಗ್ಗಳದಲ್ಲಿ ನಾನು ಪಕ್ಕಕ್ಕೆ ನಿಂತು, ಬೇರೆ ಯಾರೋ ಕತ್ತಿ ಎತ್ತುವುದನ್ನು ನೋಡಬೇಕೇ? ಬೇಲೂರಿನಿಂದ ಬಸ್ಸಿನಲ್ಲಿ ಬರುವಾಗ ಹಗರೆ ದಾಟುವ ತನಕ ಅದೇ ಯೋಚನೆ. ಯೋಚನೆ ಹೆಚ್ಚಾಗಿ, ಬಸ್ಸಿಳಿದ ತಕ್ಷಣ ಒಂದು ಬೀಡಿ ಹಚ್ಚಿದೆ.

ಬೀಡಿ ಬಿಡಲು ನಾನು ಮೊದಲು ಪ್ರಯತ್ನಿಸದೆ ಇರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಹೊಗೆ ಕುಡಿದವನ ಎದೆಯ ಚಿತ್ರ ಗೋಡೆಗೆ ಹಾಕಿದ್ದರು. ಅದನ್ನು ನೋಡಿ ಆದ ಗಾಬರಿಗೆ ಹೊರಗೆ ಬಂದು ಎರಡು ಹೆಚ್ಚಿಗೆ ಸೇದಿದೆ. ಏಲಕ್ಕಿ ಅಗಿ ಎಂದರು. ಏಲಕ್ಕಿ ಅಗಿದ ಬಾಯಿಗೆ ಬೀಡಿ ಇನ್ನೂ ರುಚಿಯಾಯಿತು. ಮಠದಲ್ಲಿ ಪ್ರಮಾಣ ಮಾಡೋಣ ಎಂದರೆ, ನನ್ನನ್ನು ಬಲ್ಲ ಸ್ವಾಮಿಗಳು, "ಬಸಪ್ಪ, ಸುಳ್ಳು ಪ್ರಮಾಣದ ಪಾಪವನ್ನೂ ಇದರ ಮೇಲೆ ಯಾಕೆ ಹೇರಿಕೊಳ್ಳುತ್ತೀ?" ಎಂದು ಪ್ರಸಾದ ಕೊಟ್ಟು ಕಳಿಸಿದ್ದರು.

ಕೊನೆಗೆ ನಮ್ಮ ಮನೆಯವಳು ಪಾರ್ವತಿ ನನ್ನನ್ನು ಅರಸೀಕೆರೆಗೆ ಕರೆದುಕೊಂಡು ಹೋದಳು. ಅಲ್ಲಿಗೆ ಹೊಸದಾಗಿ ಒಬ್ಬರು ಡಾಕ್ಟರಮ್ಮ ಬಂದಿದ್ದರು. ಹಗರೆಯ ಕಡೆಯ ಹೆಣ್ಣುಮಗಳು, ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿ ಡೈರಿಗೆ ಹಾಕುತ್ತಿದ್ದವರ ಮಗಳು. ನೋಡಿದರೆ ಮಂಗಳನಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ನಾನು ಒಳಕ್ಕೆ ಹೋಗುವಾಗಲೇ ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ. ಎದೆಗೆ ಕೊಳವೆ ಇಟ್ಟು ಕೇಳಿ, "ಕಸುಬು ಏನು ಬಸಪ್ಪನವರೇ?" ಅಂದರು. ಇದು ನನಗೆ ಇಷ್ಟವಾದ ಪ್ರಶ್ನೆ. ತೋಟದಿಂದ ಶುರು ಮಾಡಿ, ಅಟ್ಟ, ಗುಳುಗುಳು, ಗಡಗಡ ಎಲ್ಲ ಹೇಳಿದೆ. ಹೊರಗೆ ಕಾದಿದ್ದ ರೋಗಿಗಳು ಕೆಮ್ಮಿ ಕೆಮ್ಮಿ ನೆನಪಿಸಿದರೂ ಆ ತಾಯಿ ಪೂರ್ತಿ ಕೇಳಿದರು.

"ಅಲ್ಲ, ಹಸಿಕಾಯಿ ಮಾರಿದ್ರೆ ಇವತ್ತೇ ಕಾಸು ಸಿಗುತ್ತಲ್ಲ. ಯಾಕೆ ಕಾಯ್ತೀರಿ?" ಎಂದು ಕೇಳಿದರು.

"ಮುಂದಿನ ವರ್ಷದ ಕೊಬ್ಬರಿ ನನ್ನ ಕಣ್ಣಿಗೆ ಕಾಣುತ್ತಲ್ಲ ಡಾಕ್ಟ್ರೇ!"

"ಅಷ್ಟೇ ಕಣ್ರೀ ಔಷಧಿ" ಅಂದರು. "ಬೀಡಿ ಅಂದ್ರೆ ಹಸಿಕಾಯಿ. ಈ ಕ್ಷಣಕ್ಕೆ ಸಿಗುತ್ತೆ. ಬೀಡಿ ಬಿಟ್ಟ ಮೇಲೆ ಬರೋ ಸುಖ ಇದ್ಯಲ್ಲ, ಅದು ನಿಮ್ ಕಣ್ಣಿಗೆ ಕಾಣ್ತಿಲ್ಲ. ಕಾಣದ್ದಕ್ಕೆ ಯಾರು ಕಾಯ್ತಾರೆ? ಅದಕ್ಕೇ ಮುಂದೆ ಬರೋ ಒಂದು ದಿನ ಆರಿಸಿಕೊಳ್ಳಿ. 'ಆರೋಗ್ಯವಾಗಿರ್ತೀನಿ' ಅಂತ ಮೇಲೆ ಮೇಲೆ ಅಲ್ಲ. ಒಂದೇ ದಿನ, ನಿಮಗೆ ಬೇಕೇ ಬೇಕು ಅನ್ನೋ ದಿನ. ಎಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ, ಏನು ವಾಸನೆ, ಕಾಲಿನ ಕೆಳಗೆ ಮಣ್ಣೋ ಕಲ್ಲೋ, ಎಲ್ಲ ನೋಡಿ. ಬೀಡಿ ಬೇಕು ಅನ್ನಿಸಿದ ತಕ್ಷಣ ಕಣ್ಣು ಮುಚ್ಚಿ ಆ ದಿನಕ್ಕೆ ಹೋಗಿ ಕೂತುಬಿಡಿ. ಬೇಕು ಅನ್ನೋದು ನಮ್ ಹಗರೆ ಮೇಲೆ ಹೋಗೋ ಎಕ್ಸ್‌ಪ್ರೆಸ್ ಬಸ್ ಇದ್ದ ಹಾಗೆ. ಕೈ ಅಡ್ಡ ಹಾಕಿದ್ರೆ ನಿಲ್ಲುತ್ತೆ. ಇಲ್ದಿದ್ರೆ ಧೂಳೆಬ್ಬಿಸಿಕೊಂಡು ಹೋಗ್ತಾ ಇರುತ್ತೆ."

ನಾನು ಬೆರಗಾದೆ. ಅಟ್ಟ ಏರದ ಹುಡುಗಿ, ಅಟ್ಟದ ಮರ್ಮವನ್ನು ಎಷ್ಟು ಚೆನ್ನಾಗಿ ನನಗೇ ತಿರುಗಿಸಿ ಕೊಟ್ಟಳು! ಇಷ್ಟು ವರ್ಷ ನನ್ನ ಹತ್ತಿರವೇ ಇದ್ದ ವಿದ್ಯೆ. ಕೊಬ್ಬರಿಗೆ ಬಳಸಿದೆ, ಎದೆಗೆ ಬಳಸಲಿಲ್ಲ. ಊರಿಗೆ ಬಂದವನೇ ರುದ್ರಣ್ಣನಿಗೆ ಸಡಗರದಿಂದ ಹೇಳಿದೆ. ಅವನು ಪೂರ್ತಿ ಕೇಳಿ, ಬೀಡಿಯ ತುದಿಯ ಬೂದಿ ಕೊಡವಿ, "ಕಣ್ ಮುಚ್ಕಂಡ್ರೆ ಬೀಡಿ ಬಿಟ್ಟೋಯ್ತದಾ? ನಾನು ದಮ್ ಎಳೆಯೋದೇ ಕಣ್ ಮುಚ್ಕಂಡು ಕಣ್ಲಾ!" ಅಂದ.

"ಸುಮ್ನಿರ್ಲಾ, ಓದಿದೋರು ಹೇಳವ್ರೆ."

"ಓದಿದೋರು ಹೇಳವ್ರೆ ಸರಿ. ಮಾಡೋನು ನೀನಲ್ವಾ, ಅದೇ ನಂಗೆ ಅನುಮಾನ."

ಅವನ ಅನುಮಾನ ನಿಜವಾಯಿತು. ನಾನು ಆರಿಸಿಕೊಂಡದ್ದು, ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವ ದಿನವನ್ನು: ಬರುವ ವರ್ಷ ಅಟ್ಟ ಇಳಿಸುವ ದಿನ. ಬೀಡಿ ಬೇಕು ಅನ್ನಿಸಿದಾಗಲೆಲ್ಲ ಕಣ್ಣು ಮುಚ್ಚಿದೆ. ಆಹಾ, ಎಂಥ ಚಿತ್ರ! ಅಟ್ಟದಿಂದ ಕಾಯಿ ದಬದಬ ಬೀಳುತ್ತಿದೆ, ಹಾರೆಗಳು ಕಿರ್ ಎನ್ನುತ್ತಿವೆ, ಚಿಪ್ಪು ಒಡೆದಾಗ ಗಿಟುಕಿನ ಎಣ್ಣೆವಾಸನೆ, ಆಳುಗಳ ಹಾಸ್ಯ. ಕೆಲಸ ಮುಗಿದ ಮೇಲೆ ಎಲ್ಲರೂ ಚಿಪ್ಪಿನ ರಾಶಿಯ ಸುತ್ತ ಕೂತಿದ್ದೇವೆ. ಅಟ್ಟ ಇಳಿಸಿದ ದಿನ ಯಜಮಾನನಾದವನು ತನ್ನ ಕೈಯಾರೆ ಎಲ್ಲರಿಗೂ ಎಲೆ, ಅಡಿಕೆ, ಬೀಡಿ ಹಂಚುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಂಚಿದೆ. ಮೊದಲ ಬೀಡಿ ನಾನು ಹಚ್ಚಿದ ಮೇಲೆ ಉಳಿದವರು ಹಚ್ಚಬೇಕು, ಅದೂ ಪದ್ಧತಿ. ಹಚ್ಚಿದೆ. ಬರುವ ವರ್ಷದ ಆ ಬೀಡಿಯ ಘಮ ಎಷ್ಟು ಸ್ಪಷ್ಟವಾಗಿ ಮೂಗಿಗೆ ಬಡಿಯುತ್ತಿತ್ತೆಂದರೆ, ಕಣ್ಣು ಬಿಟ್ಟಾಗ ಈ ವರ್ಷದ ಬೀಡಿ ತುಟಿಗೆ ಬಂದು ಕೂತಿರುತ್ತಿತ್ತು. ಆ ವಾರ ಒಂದೊಂದು ಬೀಡಿಯನ್ನೂ ಎರಡೆರಡು ಸಲ ಸೇದಿದ ಲೆಕ್ಕ.

ಡಾಕ್ಟರಮ್ಮನಿಗೆ ಇದನ್ನು ಒಪ್ಪಿಸಿದಾಗ ಅವರು ಮೊದಲು ಗಂಭೀರವಾಗಿಯೇ ಕೇಳಿದರು. "ಆ ದಿನ ಬೀಡಿ ಹಂಚೋರು ಯಾರು?" ಅಂದರು. "ನಾನೇ" ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಮೇಲಿನ ಹತ್ತಿ ತೆಗೆದು ಕಣ್ಣೊರೆಸಿಕೊಂಡರು. ನಾನೂ ನಕ್ಕೆ; ಬೇರೆ ಯಾರಾದರೂ ಹಾಗೆ ನಕ್ಕಿದ್ದರೆ ಎದ್ದು ಬರುತ್ತಿದ್ದೆ. ಆದರೆ ಅವರ ನಗುವಿನಲ್ಲಿ ನಮ್ಮನ್ನೂ ಕೂರಿಸಿಕೊಳ್ಳುವಷ್ಟು ಜಾಗವಿತ್ತು. "ನೀವು ಕಲ್ಪನೆ ಮಾಡೋದ್ರಲ್ಲಿ ಫಸ್ಟ್ ಕ್ಲಾಸ್. ದಿನ ಮಾತ್ರ ತಪ್ಪು" ಅಂದರು. ಅಷ್ಟು ಹೊತ್ತೂ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದ ಪಾರ್ವತಿ ಆಗ ಬಾಯಿ ಬಿಟ್ಟಳು: "ದಿನ ನಾನ್ ಹೇಳ್ತೀನಿ ಡಾಕ್ಟ್ರೇ. ಮಗಳ ಗುಗ್ಗಳದ ದಿನ. ಇವ್ರು ಒಡಪು ಹೇಳ್ಬೇಕು."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಬೇಲೂರಿನ ಕೆಮ್ಮು ಆ ಮುಖದಲ್ಲಿ ಕಂಡಿರಬೇಕು. "ಆಗಲಿ. ಜೊತೆಗೆ ನೀವೂ ಕೂತ್ಕೊಳ್ಳಿ ಅಮ್ಮ. ಅವರು ನೋಡಲಿ, ನೀವು ಕೇಳಿ" ಎಂದರು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ವೈದ್ಯ. ಬೀಡಿ ಬೇಕು ಅನ್ನಿಸಿದ ತಕ್ಷಣ ನಾನು ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಬೇಕು. ಪಾರ್ವತಿ ಕೈಯಲ್ಲಿದ್ದ ಕೆಲಸ ಬಿಡದೆ ಕೇಳುತ್ತ ಹೋಗಬೇಕು.

"ಎಲ್ಲಿದ್ದೀರಿ?"

"ಗುಡಿ ಬೀದೀಲಿ. ವಾದ್ಯ ನಿಂತೈತೆ. ಕತ್ತಿ ಎತ್ತಿದೀನಿ."

"ಬಲಗೈಲಿ ಕತ್ತಿ. ಎಡಗೈಲಿ ಏನೈತೆ?"

ನಾನು ನೋಡಿದೆ. ಸುಳ್ಳು ಹೇಳುವ ಹಾಗಿರಲಿಲ್ಲ. "ಬೀಡಿ" ಅಂದೆ.

ಒಗ್ಗರಣೆ ಸೌಟು ಬಾಣಲೆಗೆ ಬಡಿದ ಸದ್ದು ಕೇಳಿಸಿತು. "ಥೂ ನಿಮ್ಮ! ಸ್ವಾಮಿ ಎದುರಿಗೆ, ಬೀಗರ ಎದುರಿಗೆ! ಬಿಸಾಕ್ರೀ ಮೊದ್ಲು!"

ಬಿಸಾಕಿದೆ. ಮತ್ತೆ ನೋಡಿದರೆ ಮತ್ತೆ ಇದೆ. ಹೊಲದ ಗರಿಕೆಯ ಹಾಗೆ, ಕಿತ್ತಷ್ಟೂ ಚಿಗುರುವ ಬೀಡಿ. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಪಾರ್ವತಿ ಅಕ್ಕಿ ಆರಿಸುತ್ತ ಯೋಚನೆ ಮಾಡಿ ಹೇಳಿದಳು: "ಖಾಲಿ ಕೈ ಆದ್ರೆ ಅದು ಬಂದೇ ಬತ್ತದೆ. ಮಂಗಳ ಕೊಡ ಹೊತ್ಕೊಂಡು ನಿಮ್ ಪಕ್ಕದಲ್ಲೇ ನಿಂತವ್ಳೆ. ಎಡಗೈ ಅವಳ ಭುಜದ ಮೇಲೆ ಇಡಿ." ಇಟ್ಟೆ. ಹೊಸ ರೇಷ್ಮೆಯ ಬಿಗಿ, ಅದರ ಕೆಳಗೆ ಮಗಳ ಮೂಳೆ ಮೂಳೆ ಭುಜ, ಹೊತ್ತ ಕೊಡದ ಭಾರಕ್ಕೆ ಸಣ್ಣಗೆ ನಡುಗುತ್ತಿದೆ. ಬೀಡಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಡಾಕ್ಟರಮ್ಮ ಹೇಳಿದ ಬಸ್ಸು ಧೂಳೆಬ್ಬಿಸಿಕೊಂಡು ಹೋಗಿಯಾಗಿತ್ತು. ಪಾರ್ವತಿ ನನ್ನ ಮುಖ ನೋಡಿ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಕಾಯಿ ಸುಲಿಯುವ ಕೈಗೆ ಹೆಣ್ಣು ಕೊಟ್ಟರಲ್ಲ ಎಂದು ನಮ್ಮ ಮಾವನವರನ್ನು ನಾನು ಯಾವಾಗಲೂ ನೆನೆಯುತ್ತೇನೆ. ಅವತ್ತು ಸ್ವಲ್ಪ ಹೆಚ್ಚಾಗಿ ನೆನೆದೆ.

ಆದರೆ ನಮ್ಮ ಮನೆಯವಳು ಬರೀ ವೈದ್ಯ ಮಾಡುವವಳಲ್ಲ, ಒಂದು ಕೆಲಸದಲ್ಲಿ ನಾಲ್ಕು ಕೆಲಸ ತೆಗೆಯುವವಳು. ಒಂದೊಂದು ವಿವರವನ್ನೂ ನೋಡಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ದಿನಕ್ಕೊಂದು ವಿವರ ಸೇರತೊಡಗಿತು. "ನಾನೆಲ್ಲಿದೀನಿ?" ಅನ್ನುತ್ತಿದ್ದಳು. "ಮಂಗಳನ ಹಿಂದೆ." "ಯಾವ ಸೀರೆ?" "ಹಸಿರು." "ಅಂಚು ಎಷ್ಟಗಲ?" ನನಗೆ ಆ ಹೊತ್ತಿಗೆ ಬೀಡಿಯ ಬಸ್ಸು ದಾಟಿದರೆ ಸಾಕಾಗಿರುತ್ತಿತ್ತು, "ಅಗಲವಾಗೇ ಇದೆ" ಅನ್ನುತ್ತಿದ್ದೆ. "ಹಳೇದೋ ಹೊಸದೋ?" "ಹೊಸದು, ಹೊಸದು!" ಮರುದಿನ ಊಟದ ಮನೆಯಿಂದ ಏನು ವಾಸನೆ ಬರುತ್ತಿದೆ ಎಂದು ಕೇಳಿದಳು. ಒಬ್ಬಟ್ಟು ಅಂದೆ. "ಕಾಯೊಬ್ಬಟ್ಟೋ ಬೇಳೆಯದೋ?" ಎರಡೂ ಅಂದೆ. ಅದರ ಮರುದಿನ ನನ್ನ ಕಡೆಯ ವಾದ್ಯದ ಜೊತೆಗೆ ಅರಸೀಕೆರೆಯ ಬ್ಯಾಂಡ್‌ಸೆಟ್ಟೂ ಬಂದು ನಿಂತಿತು. ಅವಳ ಅಣ್ಣತಮ್ಮಂದಿರೆಲ್ಲ ಸಂಸಾರ ಸಮೇತ ಬಂದು ಮುಂದಿನ ಸಾಲಿನಲ್ಲಿ ನಿಂತರು. ಮದುಮಗನಿಗೆ ಮಾತ್ರ ಇನ್ನೂ ಮುಖ ಇರಲಿಲ್ಲ. ಪೇಟ ಇತ್ತು, ಪಂಚೆ ಇತ್ತು, ನಡುವೆ ಖಾಲಿ. ನಾನು ಕೇಳಿದ್ದಕ್ಕೆ, "ಇರ್ಲಿ, ಮುಖ ಆಮೇಲೆ ಹಾಕೋಣ. ನೀವು ಬೀಡಿ ಬಿಡ್ರೀ" ಅಂದಳು.

ಮುಖವೂ ಬಂತು. ಬೇಲೂರಿನಿಂದ ಗಂಡಿನ ಕಡೆಯವರು ನೋಡಲು ಬಂದರು. ಹುಡುಗ ಹೈಸ್ಕೂಲು ಮೇಷ್ಟ್ರು, ಮೆಲುಮಾತಿನವನು. ಅವನು ಹೊರಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ನಾನು ಆಶೀರ್ವಾದದ ನೆಪದಲ್ಲಿ ಅವನ ತಲೆಯ ಹತ್ತಿರ ಮೂಗು ಕೊಂಡೊಯ್ದು ಒಂದು ಸಲ ಎಳೆದೆ. ಹೊಗೆಯ ವಾಸನೆ ಇರಲಿಲ್ಲ, ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಇದಕ್ಕಿಂತ ಒಳ್ಳೆಯ ಜಾತಕ ನನಗೆ ಬೇಕಾಗಿರಲಿಲ್ಲ. ಮಂಗಳ ಒಪ್ಪಿದಳು. ಮದುವೆ ಮಾತು ನಡೆಯುವಾಗ ಖರ್ಚು ಸ್ವಲ್ಪ ಹಿಡಿತದಲ್ಲಿರಲಿ ಎಂದು ನಾನು ಗಂಟಲು ಸರಿ ಮಾಡಿಕೊಂಡೆ. ಪಾರ್ವತಿ ಮಣೆಯ ಮೇಲಿಂದ ಏಳದೆ ಕೇಳಿದಳು: "ಅಲ್ಲಾ ರೀ, ಹಸಿರು ಸೀರೆ, ಎರಡು ಒಬ್ಬಟ್ಟು, ಬ್ಯಾಂಡ್‌ಸೆಟ್ಟು, ಎಲ್ಲಾ ನೀವೇ ಕಣ್ಣಾರೆ ನೋಡಿದ್ದಲ್ವಾ?" ನಾನು ಹೌದೆಂದು ತಲೆಯಾಡಿಸಿದೆ. ಆ ಹೊತ್ತಿಗೆ ಬೀಡಿ ನನ್ನ ಅಂಗಿಯ ಜೇಬಿನಿಂದ ಹೋಗಿ ತಿಂಗಳುಗಳೇ ಆಗಿದ್ದವು. ಬೀಡಿ ಹೋದ ಜೇಬಿನಿಂದ ಒಂದಿಷ್ಟು ಕಾಸು ಹೋದರೂ ಲಾಭವೇ ಎಂದು ಸಮಾಧಾನ ಮಾಡಿಕೊಂಡೆ.

ಗುಗ್ಗಳದ ದಿನ ಬಂತು. ಎಲ್ಲವೂ ನಾನು ಹೊಸ್ತಿಲ ಮೇಲೆ ಕೂತು ನೋಡಿದ ಹಾಗೇ ಇತ್ತು. ಗುಡಿ ಬೀದಿ, ಹಸಿರು ಸೀರೆ, ಅಗಲ ಅಂಚು, ಮುಂದಿನ ಸಾಲಿನಲ್ಲಿ ನನ್ನ ಭಾವಮೈದುನರು, ಗುಗ್ಗಳದ ಕೊಡ ಹೊತ್ತ ಮಂಗಳ. ಬೇಲೂರಿನಿಂದ ಬೀಗರು ಬಂದಿದ್ದರು; ಅವರ ಜೊತೆ ಅಂದು ನನಗೆ ನೀರು ಕೊಟ್ಟ ಹಿರಿಯರೂ ಬಂದಿದ್ದರು. ಡಾಕ್ಟರಮ್ಮ ಕೂಡ ಬಿಡುವು ಮಾಡಿಕೊಂಡು ಬಂದು, ಜನರ ನಡುವೆ ಹೆಗಲ ಮೇಲೆ ಯಾರದೋ ಮಗುವನ್ನು ಕೂರಿಸಿಕೊಂಡು ನಿಂತಿದ್ದರು. ರುದ್ರಣ್ಣ ಎಂದಿನಂತೆ ನನ್ನ ಬಲಗಡೆ ಒಂದು ಹೆಜ್ಜೆ ಹಿಂದೆ, ಕೆಮ್ಮನ್ನು ಟವೆಲಿನಲ್ಲಿ ಅದುಮಿಕೊಂಡು ನಿಂತಿದ್ದ. ವಾದ್ಯ ನಿಂತಿತು. ಎಡಗೈಯನ್ನು ಮಗಳ ಭುಜದ ಮೇಲಿಟ್ಟೆ. ಅವಳು ತಿರುಗದೆ, ಮೆಲ್ಲಗೆ, "ಅಪ್ಪ, ಜೋರಾಗಿ" ಅಂದಳು. ಉಸಿರು ಎಳೆದೆ. ಆಹಾ, ಅದು ಉಸಿರು! ಎಳೆದಷ್ಟೂ ಒಳಗೆ ಜಾಗವಿತ್ತು. ಮೊದಲ ಘೋಷ ಕೊಟ್ಟೆ ನೋಡಿ, ಗುಡಿಯ ಗೋಪುರದ ಪಾರಿವಾಳಗಳೆಲ್ಲ ಎದ್ದು ಹೋದವು. ಎರಡು ಸಾಲು ಗುಡುಗಿನ ಹಾಗೆ ಹೋಯಿತು. ಮೂರನೆಯ ಸಾಲು ಎಂದು ಬಾಯಿ ತೆರೆದೆ.

ಬಾಯಿ ತೆರೆದೇ ಇತ್ತು. ಮಾತು ಬರಲಿಲ್ಲ. ಉಸಿರು ಎದೆ ತುಂಬ ಇತ್ತು, ಮಾತು ಒಂದೂ ಇರಲಿಲ್ಲ. ಆ ಕ್ಷಣದಲ್ಲಿ ನನಗೆ ಹೊಳೆಯಿತು ಆದ ತಪ್ಪು. ಇಷ್ಟು ತಿಂಗಳು ಈ ದಿನವನ್ನು ನೋಡಿದೆನಲ್ಲ, ಕತ್ತಿ ಎತ್ತುವುದನ್ನು ನೋಡಿದೆ, ಮೊದಲ ಘೋಷ ಕೇಳಿದೆ, ಅಲ್ಲಿಂದ ಸೀದಾ ಒಡಪು ಮುಗಿದು ಜನ ಜಯಕಾರ ಹಾಕುವುದಕ್ಕೆ ಹೋಗಿಬಿಡುತ್ತಿದ್ದೆ. ಪಾರ್ವತಿ ಸೀರೆಯ ಅಂಚು ಕೇಳಿದಳು, ಒಬ್ಬಟ್ಟಿನ ಹೂರಣ ಕೇಳಿದಳು. ನಡುವೆ ಏನು ಹೇಳಿದಿರಿ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಒಡಪು ನನಗೆ ಬರದೆ ಇರುತ್ತದೆಯೇ ಎಂಬ ಜಂಬ. ಅಟ್ಟಕ್ಕೆ ಕಾಯಿಯನ್ನೇ ಏರಿಸದೆ ಗಡಗಡ ಕೇಳಿಸಿಕೊಳ್ಳುತ್ತ ಕೂತಿದ್ದೆ! ನೀರು ಕೊಟ್ಟ ಹಿರಿಯರು ಚೊಂಬಿನ ಕಡೆ ನೋಡುವುದು ಕಣ್ಣಂಚಿನಲ್ಲಿ ಕಂಡಿತು.

ಆಗ ಬಲಗಿವಿಯ ಹಿಂದೆ, ಟವೆಲಿನ ಒಳಗಿಂದ ಬಂದ ಹಾಗೆ, ಸಣ್ಣ ಸ್ವರ ಕೇಳಿಸಿತು. ರುದ್ರಣ್ಣ ಮೂರನೆಯ ಸಾಲು ಹೇಳುತ್ತಿದ್ದ. ಅರ್ಧ ಸಾಲು ಹೇಳಿ ಕೆಮ್ಮಿದ. ಅಷ್ಟು ಸಾಕಾಯಿತು, ನಾನು ಅದನ್ನು ಎತ್ತಿಕೊಂಡು ಗುಡುಗಿದೆ. ಅವನು ಇನ್ನರ್ಧ ಪಿಸುಗುಟ್ಟಿದ, ನಾನು ಗುಡುಗಿದೆ. ಅವನಲ್ಲಿ ಮಾತಿತ್ತು, ದಮ್ಮಿರಲಿಲ್ಲ. ನನ್ನಲ್ಲಿ ದಮ್ಮಿತ್ತು, ಮಾತಿರಲಿಲ್ಲ. ಹಾರೆಯ ಮುಂದೆ ಎದುರುಬದುರು ನಿಂತ ಕಾಲದ ಹಾಗೆ, ಇಬ್ಬರೂ ಸೇರಿ ಸಾಲು ಸಾಲಾಗಿ ಸುಲಿದುಕೊಂಡು ಹೋದೆವು. ಬೇಲೂರಿನಲ್ಲಿ ಬಾಗಿಲಲ್ಲೇ ನಿಂತಿದ್ದ ವೀರಭದ್ರ ಅಂತೂ ಯಜ್ಞಶಾಲೆಯ ಒಳಕ್ಕೆ ನುಗ್ಗಿದ. ಜಯಕಾರ ಬಿತ್ತು. ಮಂಗಳನ ಭುಜ ನನ್ನ ಕೈ ಕೆಳಗೆ ಒಂದು ಸಲ ಮೇಲೆದ್ದು ಹಗುರಾಯಿತು. ಆ ಹಿರಿಯರೇ ಬಂದು ಕೈ ಹಿಡಿದುಕೊಂಡು, "ಹಳೇ ಕಾಲದ ಒಡಪು ಕಣಪ್ಪ! ನಿಲ್ಸಿ ನಿಲ್ಸಿ ಹೇಳ್ದೆ ನೋಡು, ಆ ಗಾಂಭೀರ್ಯ ಈಗಿನೋರಿಗೆ ಎಲ್ಲಿ ಬರ್ಬೇಕು!" ಅಂದರು. ನಾನು ತಲೆ ಬಾಗಿಸಿ ಒಪ್ಪಿಕೊಂಡೆ. ಬಲಗಡೆ ರುದ್ರಣ್ಣ ಕೆಮ್ಮುತ್ತಿದ್ದನೋ ನಗುತ್ತಿದ್ದನೋ, ಟವೆಲಿನ ಮೇಲಿಂದ ಗೊತ್ತಾಗಲಿಲ್ಲ.

ಮದುವೆಯಾಗಿ ಕೆಲವು ತಿಂಗಳಿಗೆ ರುದ್ರಣ್ಣನೂ ಬೀಡಿ ಬಿಟ್ಟ. ಬೀಡಿಕಟ್ಟು ಇಡುತ್ತಿದ್ದ ಜೇಬಿನಲ್ಲಿ ಹುರಿಗಡಲೆ ಬಂದು ಕೂತಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 'ನನ್ನ ಒಡಪು ಕೇಳಿ ಅವನಿಗೆ ಛಲ ಬಂತು' ಎಂದು ಊರಿನ ಎಸ್.ಟಿ.ಡಿ. ಬೂತಿನಿಂದ ಅರಸೀಕೆರೆಯ ಮಂಡಿಯ ತನಕ ಹೇಳಿಕೊಂಡು ಬಂದೆ. ಡಾಕ್ಟರಮ್ಮನಿಗೂ ಹೇಳಿದೆ, ಅವರು, "ಹೌದಂತೆ, ಅವರೂ ಬಂದು ಹೇಳಿದ್ರು" ಎಂದು ಯಾಕೋ ಮತ್ತೆ ಕಣ್ಣೊರೆಸಲು ಹತ್ತಿಗೆ ಕೈ ಹಾಕಿದರು. ನನಗೆ ಅನುಮಾನ ಬಂತು. ಸಂಜೆ ತೋಟದ ಬದುವಿನ ಮೇಲೆ ರುದ್ರಣ್ಣನನ್ನು ಹಿಡಿದು ಕೂರಿಸಿದೆ.

"ನಿಜ ಹೇಳ್ಲಾ. ಬೀಡಿ ಬೇಕು ಅನ್ಸಿದಾಗ ನೀನು ಯಾವ ದಿನ ನೋಡ್ತೀಯ?"

"ನಿನ್ ಮಗನ ಮದ್ವೆ."

ನನ್ನ ಮಗ ಇನ್ನೂ ಕಾಲೇಜಿನಲ್ಲಿದ್ದ. ಆದರೂ ಗೆಳೆಯನ ಪ್ರೀತಿಗೆ ಮನಸ್ಸು ತುಂಬಿ ಬಂತು. "ಏನು ಕಾಣ್ತದೆ?" ಅಂದೆ.

ರುದ್ರಣ್ಣ ಹುರಿಗಡಲೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದ: "ಗುಗ್ಗಳ ಬಂದು ಗುಡಿ ಬೀದೀಲಿ ನಿಂತದೆ. ವಾದ್ಯ ನಿಲ್ತದೆ. ನೀನು ಕತ್ತಿ ಎತ್ತೀಯ. ಎರಡು ಸಾಲು ಹೇಳ್ತೀಯ. ಆಮೇಲೆ ಅವತ್ತಿನ ಹಂಗೇ ಬಾಯಿ ತಕ್ಕಂಡು ನಿಂತ್ಕತೀಯ. ಜನ ನೋಡ್ತಾ ಅವ್ರೆ. ಆಗ ನಾನು ಒಂದ್ ಹೆಜ್ಜೆ ಮುಂದಕ್ ಬತ್ತೀನಿ. ನಿನ್ ಕೈಯಿಂದ ಕತ್ತಿ ಇಸ್ಕತೀನಿ. ಒಂದ್ ಕೆಮ್ಮಿಲ್ಲ, ಒಂದ್ ಪಿಸುಮಾತಿಲ್ಲ, ಕೊನೇ ಗಂಟ ನಾನೇ ಹೇಳ್ತೀನಿ." ಕಣ್ಣು ಬಿಟ್ಟು ನನ್ನ ಕಡೆ ನೋಡಿ, "ಬೇರೆ ಎಲ್ಲಾ ಒಂದೊಂದ್ ದಿನ ಮಬ್ಬಾಯ್ತದೆ ಕಣ್ಲಾ ಬಸಪ್ಪ. ನಿನ್ ಬಾಯಿ ಮಾತ್ರ ಮಬ್ಬಾಗಕ್ಕಿಲ್ಲ" ಅಂದ.

ಒಂದು ಗಳಿಗೆ ಸಿಟ್ಟು ಬಂದದ್ದು ನಿಜ. ಆದರೆ ಆ ಮಾತು ಮುಗಿಸುವ ತನಕ ಅವನು ಒಂದು ಸಲವೂ ಕೆಮ್ಮಲಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು. ಡಾಕ್ಟರಮ್ಮನ ವಿದ್ಯೆ ದೊಡ್ಡದು. ಅದಕ್ಕೆ ಯಾವ ಮೂಲಿಕೆಯಾದರೂ ನಡೆಯುತ್ತದೆ. ನಾನು ಈಗ ತೋಟದಲ್ಲಿ ಯಾರೂ ಇಲ್ಲದಾಗ ಒಡಪನ್ನು ಮೊದಲಿನಿಂದ ಕೊನೆಯ ತನಕ ಹೇಳಿಕೊಳ್ಳುತ್ತೇನೆ. ಒಂದು ಸಾಲೂ ತಪ್ಪುವುದಿಲ್ಲ. ಆದರೆ ಇದು ರುದ್ರಣ್ಣನಿಗೆ ತಿಳಿದರೆ ಅವನ ಔಷಧಿ ಕೆಟ್ಟುಹೋಗುವ ಭಯವಿದೆ. ಅದಕ್ಕಾಗಿ, ಅವನು ಬದುವಿನ ಮೇಲೆ ಬರುವುದು ಕಂಡ ತಕ್ಷಣ ಒಡಪು ನಿಲ್ಲಿಸಿ, ಅವನ ಆರೋಗ್ಯದ ದೃಷ್ಟಿಯಿಂದ, ಬಾಯಿ ಸ್ವಲ್ಪ ತೆರೆದುಕೊಂಡೇ ನಿಂತಿರುತ್ತೇನೆ.